ಕಡಲಿಗೆ ಒಯ್ದ ಎರೆ

ನಮ್ಮ ಮನೆಯಲ್ಲಿ ‘ಎರೆ’ ಎಂಬ ಮಾತಿಗೆ ಇಬ್ಬರು ವಾರಸುದಾರರು. ನಾನು ಎರೆ ಅಂದರೆ ಗಾಳಕ್ಕೆ ಸಿಕ್ಕಿಸುವ ಹುಳ, ಕಪ್ಪೆ, ಸಣ್ಣ ಮೀನು. ನನ್ನ ಹೆಂಡತಿ ಎರೆಯೋದು ಅಂದರೆ ಬಾಣಂತಿಗೆ, ಹಸುಗೂಸಿಗೆ ಬಿಸಿನೀರು ಹುಯ್ದು ಸ್ನಾನ ಮಾಡಿಸುವುದು. ಮೂವತ್ತು ವರ್ಷ ಈ ಎರಡೂ ಒಂದೇ ಸೂರಿನಡಿ ಜಗಳವಿಲ್ಲದೆ ಬಾಳಿಕೊಂಡು ಬಂದಿದ್ದವು. ನಾನು ಕೆರೆಗೆ ಹೊರಟರೆ ಅವಳು “ಎರೆ ತಗೊಂಡ್ರಾ?” ಅನ್ನುತ್ತಿದ್ದಳು. ಅವಳು ಬೀದಿಯಲ್ಲಿ ಯಾರ ಮನೆಗಾದರೂ ಹೊರಟರೆ ನಾನು “ಎರೆದು ಬೇಗ ಬಾ, ಮುದ್ದೆಗೆ ಎಸರಿಡ್ಬೇಕು” ಅನ್ನುತ್ತಿದ್ದೆ. ಹೋದ ವರ್ಷ ಮಾತ್ರ ಇವೆರಡೂ ಸಮುದ್ರದ ದಡದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದವು. ನಡುವೆ ಸಿಕ್ಕಿಕೊಂಡವನು ನಾನು.

ಹಳೇಬೀಡಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಕರೆಂಟ್ ಹೋದರೆ ಊರೆಲ್ಲ ಬೈಯುತ್ತದೆ. ನಾನು ಗೋಡೆಗೆ ಒರಗಿಸಿಟ್ಟ ಗಾಳದ ಕೋಲು ತೆಗೆಯುತ್ತೇನೆ. ಮೈಗೆ ಹತ್ತಿದ ರಾಗಿಹಿಟ್ಟನ್ನೂ ಒದರಿಕೊಳ್ಳದೆ ಕೆರೆಯ ದಡದಲ್ಲಿ ಹೋಗಿ ಕೂರುತ್ತೇನೆ. ಕೆರೆಯ ಮೀನು ಗುತ್ತಿಗೆ ಹಿಡಿದವರು ಬಲೆ ಬಿಡುವವರನ್ನು ಅಟ್ಟಾಡಿಸುತ್ತಾರೆ. ಕೋಲು ಹಿಡಿದು ಕೂತ ನನ್ನಂಥವರನ್ನು ಕಂಡೂ ಕಾಣದ ಹಾಗೆ ಹೋಗುತ್ತಾರೆ, ಅವರ ಮನೆಯ ರಾಗಿಯೂ ನನ್ನ ಗಿರಣಿಗೇ ಬರಬೇಕಲ್ಲ. ದೇವಸ್ಥಾನ ನೋಡಲು ಬಂದವರು ಕೆಲವರು ನನ್ನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮೀನು ಸಿಕ್ಕಿತೇ ಎಂದು ಕೇಳುವವರು ಬಹಳ ಕಡಿಮೆ.

ಸತ್ತ ಎರೆ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಿಟ್ಟಿನ ಉಂಡೆ, ಬ್ರೆಡ್ಡಿನ ಚೂರು, ಇವೆಲ್ಲ ಸೋಮಾರಿಗಳ ಕೆಲಸ. ಜೊಂಡಿನ ಸಂದಿಯಲ್ಲಿ ಅಡಗಿರುವ ಕೊರವ ಮೀನು ಜೀವ ಇರುವುದನ್ನು ಮಾತ್ರ ನಂಬುತ್ತದೆ. ಅದಕ್ಕೆ ಬೆರಳುದ್ದದ ಸಸಲು ಮೀನು ಬೇಕು. ಹಳೆಯ ಸೊಳ್ಳೆಪರದೆಯ ತುಂಡನ್ನು ಎರಡು ಕಡ್ಡಿಗೆ ಕಟ್ಟಿಕೊಂಡು, ಮೊಣಕಾಲುದ್ದ ನೀರಿನಲ್ಲಿ ನಿಧಾನವಾಗಿ ಗೋರಿದರೆ ಹತ್ತು ಹದಿನೈದು ಸಿಗುತ್ತವೆ. ಬೆನ್ನಿನ ರೆಕ್ಕೆಯ ಕೆಳಗೆ, ಮೂಳೆಗೆ ತಾಗದ ಹಾಗೆ ಗಾಳ ತೂರಿಸಬೇಕು. ಹಾಗೆ ಮಾಡಿದರೆ ಮೀನು ಅರ್ಧ ಗಂಟೆ ಈಜುತ್ತಲೇ ಇರುತ್ತದೆ, ಮೇಲಿನ ಬೆಂಡು ಸಣ್ಣಗೆ ನಡುಗುತ್ತಿರುತ್ತದೆ. ಈ ವಿದ್ಯೆಯಲ್ಲಿ ಊರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ಹೆಂಡತಿ ತನ್ನ ವಿದ್ಯೆಯನ್ನು ಹೇಳಿಕೊಂಡು ತಿರುಗುವವಳಲ್ಲ, ಹಾಗೆ ಹೇಳಿಕೊಳ್ಳುವ ಅಗತ್ಯವೂ ಅವಳಿಗಿರಲಿಲ್ಲ. ನಮ್ಮ ಬೀದಿಯ ಅರ್ಧ ಮಕ್ಕಳು ಅವಳ ಕಾಲ ಮೇಲೆ ಮಲಗಿ ನೀರು ಹುಯ್ಯಿಸಿಕೊಂಡವರೇ. ಬಚ್ಚಲಿನಲ್ಲಿ ಮಣೆ ಹಾಕಿ, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಅವಳು ಚೊಂಬು ಎತ್ತಿದಳೆಂದರೆ ಅಳುವ ಕೂಸೂ ಎರಡನೇ ಚೊಂಬಿಗೆ ಸುಮ್ಮನಾಗುತ್ತಿತ್ತು. ಈಗ ಮದುವೆಯಾಗಿ ಮಕ್ಕಳಿರುವ ಗಂಡಸರೂ ಅವಳನ್ನು ಕಂಡರೆ “ಏನ್ ಚಿಕ್ಕಮ್ಮಾ” ಎಂದು ನಿಂತು ಮಾತಾಡಿಸುತ್ತಾರೆ.

ಇಂಥವಳಿಗೆ ತನ್ನ ಮಗಳ ಮಗುವಿಗೆ ಎರೆಯುವ ಭಾಗ್ಯ ಇದೆಯೋ ಇಲ್ಲವೋ ಎಂಬುದೇ ಹೋದ ವರ್ಷ ಅನುಮಾನವಾಯಿತು. ಮಗಳು ಕುಂದಾಪುರದ ಆಚೆಗಿನ ಒಂದು ಊರಿನಲ್ಲಿ ನರ್ಸ್. ಅಲ್ಲಿನ ಹುಡುಗನನ್ನೇ ಮೆಚ್ಚಿದಳು, ನಾವು ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಸಂತೋಷವಾಗಿಯೇ ಮದುವೆ ಮಾಡಿದೆವು. ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲಿ ಎನ್ನುವುದು ನಮ್ಮ ಪದ್ಧತಿ, ಅವರದೂ ಅದೇ ಎಂದು ಕೇಳಿದ್ದೆವು. ಆದರೆ ಏಳನೇ ತಿಂಗಳಿಗೆ ಬಿದ್ದರೂ ಆ ಕಡೆಯಿಂದ ಸುದ್ದಿಯಿಲ್ಲ. ಹೆಂಡತಿ ಫೋನಿನಲ್ಲಿ ಬೀಗಿತ್ತಿಯನ್ನು ಕೇಳಿಯೇಬಿಟ್ಟಳು. ಅವರು ನಗುತ್ತಾ, “ನೋಡುವ” ಅಂದರಂತೆ.

“ನೋಡುವ ಅಂದ್ರೆ ಏನ್ರೀ ಅರ್ಥ?” ಎಂದು ಹೆಂಡತಿ ಗಿರಣಿಗೇ ಬಂದು ಕೇಳಿದಳು. ಮಿಷನ್ ಸದ್ದಿನಲ್ಲಿ ಅವಳು ಮೂರು ಸಲ ಕೂಗಬೇಕಾಯಿತು.

“ನೋಡೋಣ ಅಂತ.”

“ನಮ್ ಕಡೆ ನೋಡೋಣ ಅಂದ್ರೆ ಆಗಲ್ಲ ಅಂತ ತಾನೇ? ಅವಳು ಕೆಲ್ಸ ಮಾಡೋ ಆಸ್ಪತ್ರೆ ಅಲ್ಲೇ ಐತೆ. ಅಲ್ಲೇ ಇಟ್ಕೋತಾರೆ ಬಿಡಿ.”

ಅವಳು ಅಷ್ಟು ಹೊತ್ತಿಗೆ ಹಾಸನದಿಂದ ಹೊಸ ತಾಮ್ರದ ಹಂಡೆ ತರಿಸಿದ್ದಳು. ಹರಳೆಣ್ಣೆ ಕಾಯಿಸಿ ಬಾಟಲಿಗೆ ತುಂಬಿದ್ದಳು. ನನ್ನ ಹಳೆಯ ಪಂಚೆಗಳನ್ನೆಲ್ಲ ಹರಿದು, ಒಗೆದು, ಮಡಿಸಿಟ್ಟಿದ್ದಳು. ಅದರಲ್ಲಿ ಒಂದು ಇನ್ನೂ ಚೆನ್ನಾಗಿತ್ತು, ನಾನು ಕೇಳಲು ಹೋಗಲಿಲ್ಲ. ಕೊನೆಗೆ ಅವಳೇ ತೀರ್ಮಾನ ಮಾಡಿದಳು.

“ನೀವೇ ಹೋಗಿ ಬೀಗ್ರ ಹತ್ರ ಎದುರಿಗೆ ಕೂತು ಮಾತಾಡ್ಕೊಂಡ್ ಬನ್ನಿ. ಎರೆಯೋದು ನಮ್ಮನೇಲೇ ಅಂತ ಒಂದೇ ಮಾತು. ಸಿಟ್ಟು ಮಾತ್ರ ಮಾಡ್ಕೋಬೇಡಿ, ನಿಮ್ ಕಾಲಿಗೆ ಬೀಳ್ತೀನಿ.”

ಸಿಟ್ಟು ನನ್ನ ಮೂಗಿನ ತುದಿಯಲ್ಲಿಯೇ ಇರುತ್ತದೆ, ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೂ ಬೀಗರ ವಿಷಯದಲ್ಲಿ ನನಗೆ ಧೈರ್ಯವಿತ್ತು. ಅವರು ದೋಣಿ ಕಟ್ಟುವ ಬಡಗಿ, ಈಗ ಕೆಲಸ ಬಿಟ್ಟು ಬೆಳಿಗ್ಗೆ ಬೆಳಿಗ್ಗೆ ಕಡಲ ದಂಡೆಯಲ್ಲಿ ಗಾಳ ಹಾಕಿಕೊಂಡು ಇರುವವರು. ಮದುವೆಯ ದಿನ ಊಟದ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತಾಗ ನಾವಿಬ್ಬರೂ ಮಾತಾಡಿದ್ದು ಮೀನು ಒಂದೇ. ನನ್ನ ಜೀವಂತ ಎರೆಯ ಮಹಿಮೆಯನ್ನು ನಾನು ಪಾಯಸ ಆರಿಹೋಗುವವರೆಗೂ ಕೊಚ್ಚಿಕೊಂಡಿದ್ದೆ. ಅವರು ತಾಳ್ಮೆಯಿಂದ ಕೇಳಿ, “ಒಮ್ಮೆ ಬನ್ನಿ ಮಾರಾಯ್ರೆ, ಕಡಲಿಗೆ ಗಾಳ ಹಾಕುವ” ಅಂದಿದ್ದರು. ಹೋಗುವುದೇ ಆದರೆ ಬರಿಗೈಯಲ್ಲಿ ಹೋಗುವುದು ಹೇಗೆ?

ಹೊರಡುವ ದಿನ ಬೆಳಗಾಗುತ್ತಲೇ ಕೆರೆಗಿಳಿದು ಹದಿನಾಲ್ಕು ಸಸಲು ಹಿಡಿದೆ. ಬಾಳೆಯ ಬುಡದಲ್ಲಿ ಅಗೆದು ಎರೆಹುಳ ಆರಿಸಿ ಒದ್ದೆ ಮಣ್ಣಿನ ಸಮೇತ ತೆಂಗಿನ ಚಿಪ್ಪಿಗೆ ತುಂಬಿ ಬಟ್ಟೆ ಕಟ್ಟಿದೆ. ಮೀನಿಗೆ ಪಾತ್ರೆ ಬೇಕಾಯಿತು. ಹಸು ಇದ್ದಾಗ ಡೇರಿಗೆ ಹಾಲು ಹಾಕುತ್ತಿದ್ದ ಸ್ಟೀಲ್ ಕ್ಯಾನು ಅಟ್ಟದ ಮೇಲಿತ್ತು. ಅದರ ಮುಚ್ಚಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆಯುತ್ತಿರುವಾಗ ಹೆಂಡತಿ ಬಂದಳು.

“ಅಯ್ಯೋ, ಅದು ನನ್ ಹಾಲಿನ ಕ್ಯಾನು!”

“ಹಾಲೆಲ್ಲೈತೆ ಈಗ?”

“ಹಾಲಿಲ್ದಿದ್ರೆ ಕ್ಯಾನು ನಂದಲ್ವಾ? ಮೀನ್ ನಾತ ಹೋಗ್ತದಾ ಅದ್ರಿಂದ ಇನ್ನು?” ಅಂದಳು. ಅಷ್ಟರಲ್ಲಿ ನಾನು ಹೋಗುತ್ತಿರುವ ಕೆಲಸ ನೆನಪಾಗಿ ದನಿ ಇಳಿಸಿದಳು. “ಹೋಗ್ಲಿ, ತಗೊಂಡೋಗಿ. ಕೆಲ್ಸ ಮುಗಿಸ್ಕೊಂಡ್ ಬನ್ನಿ ಸಾಕು.”

ಬೇಲೂರಿನಲ್ಲಿ ಬಸ್ಸು ಬದಲಿಸಬೇಕು. ಘಾಟಿ ಇಳಿಯುವ ಬಸ್ಸಿನ ಕಂಡಕ್ಟರ್ ಕ್ಯಾನನ್ನೇ ದಿಟ್ಟಿಸಿ ನೋಡಿದ.

“ಏನ್ರೀ ಅದು?”

“ಮೀನು.”

“ಸತ್ತವೋ ಬದುಕವೋ?”

“ಬದುಕವೆ, ಹದಿನಾಲ್ಕು.”

“ಹಂಗಾದ್ರೆ ಹದಿನಾಲ್ಕು ಹಾಫ್ ಟಿಕೆಟ್ ಹರೀಬೇಕಲ್ಲ ಯಜಮಾನ್ರೆ” ಅಂದ. ಇಡೀ ಬಸ್ಸು ನಕ್ಕಿತು. ಬೇರೆ ದಿನವಾಗಿದ್ದರೆ ಅವನಿಗೆ ಒಂದು ಮಾತು ಬಿಸಿ ಮುಟ್ಟಿಸುತ್ತಿದ್ದೆ. ಅವತ್ತು ಹೆಂಡತಿಯ ಮುಖ ನೆನಪು ಮಾಡಿಕೊಂಡು ನಾನೂ ನಕ್ಕೆ.

ಮುಚ್ಚಿದ ಪಾತ್ರೆಯ ನೀರಿನಲ್ಲಿ ಮೀನಿಗೆ ಬೇಗ ಉಸಿರು ಕಟ್ಟುತ್ತದೆ. ಹಾಗಾಗಿ ದಾರಿಯುದ್ದಕ್ಕೂ ಲೋಟದಿಂದ ನೀರು ಮೊಗೆದು ಮೇಲಿನಿಂದ ಕ್ಯಾನಿಗೇ ಸುರಿಯುತ್ತಾ ಕೂತೆ. ಹಾಗೆ ಸುರಿದರೆ ನೀರಿಗೆ ಗಾಳಿ ಸೇರುತ್ತದೆ. ಘಾಟಿಯ ತಿರುವುಗಳಲ್ಲಿ ಅರ್ಧ ನೀರು ನನ್ನ ಪಂಚೆಗೇ ಬಿತ್ತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಬಹಳ ಹೊತ್ತು ನೋಡಿ, “ಎಷ್ಟೊತ್ತು ಎರೀತೀಯಪ್ಪ ಅವುಕ್ಕೆ, ಬಾಣಂತಿ ಥರ?” ಎಂದು ಕೇಳಿದರು. ಆ ಮಾತು ನನಗೆ ಶುಭಶಕುನದಂತೆ ಕೇಳಿಸಿತು. ಸಂಜೆ ಬೀಗರ ಮನೆ ಮುಟ್ಟಿದಾಗ ಹನ್ನೊಂದು ಮೀನು ಈಜುತ್ತಿದ್ದವು.

ಮಗಳು ಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆ ಮುಂದೆ ಬಂದು, ಕೆನ್ನೆ ತುಂಬಿಕೊಂಡು, ನೋಡುವುದಕ್ಕೇ ಒಂದು ಸಂತೋಷ. ನಾನು ಅವಳ ತಲೆ ಸವರುವ ಮೊದಲೇ ಅವಳು ಕ್ಯಾನಿನ ಮುಚ್ಚಳ ತೆಗೆದು ನೋಡಿದಳು. “ಅಪ್ಪಾ, ಸಮುದ್ರದೂರಿಗೆ ಮೀನ್ ತಂದಿದೀಯಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೀಗರು ನಗಲಿಲ್ಲ. ಬಗ್ಗಿ ನೋಡಿ, “ಹ್ವಾಯ್, ಬಸ್ಸಲ್ಲಿ ತಂದ್ರಾ ಇದನ್ನು? ಇನ್ನೂ ಜೀವ ಉಂಟಲ್ಲ!” ಎಂದು ಬೆರಗಾದರು. ಆ ಸಂಜೆ ನಾನು ನೆಲದ ಮೇಲೆ ನಡೆಯಲಿಲ್ಲ. ಬೀಗಿತ್ತಿಯೂ ಮನೆಯಲ್ಲೇ ಓಡಾಡುತ್ತಿದ್ದರು, ಊಟದ ಹೊತ್ತಿನಲ್ಲಿ ಎಲ್ಲರೂ ಎದುರಿಗಿದ್ದರು, ವಿಷಯ ಎತ್ತಬಹುದಿತ್ತು. ನಾಳೆ ದಡದಲ್ಲಿ ಗಂಡಸರಿಬ್ಬರೇ ಇರುವಾಗ ಹೇಳಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಬಿಸಿಲು ಮೂಡುವ ಹೊತ್ತಿಗೆ ಕಡಲ ದಂಡೆಯಲ್ಲಿದ್ದೆವು. ಕೆರೆಯ ದಡ ನೋಡಿದವನಿಗೆ ಅದೊಂದು ದಡ ಅಂತಲೇ ಅನ್ನಿಸುವುದಿಲ್ಲ. ನೀರು ಒಂದು ಕಡೆ ನಿಲ್ಲುವುದೇ ಇಲ್ಲ, ಬರುತ್ತದೆ, ಹೋಗುತ್ತದೆ, ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಬೀಗರ ಕೋಲು ನನ್ನದರ ಎರಡರಷ್ಟು ಉದ್ದ. ತುದಿಗೆ ಸೀಸದ ಗುಂಡು ಕಟ್ಟಿ, ಅಲೆಯ ಆಚೆಗೆ ಬೀಳುವ ಹಾಗೆ ಬೀಸಿ ಎಸೆಯುತ್ತಾರೆ. ಅವರ ಎರೆಯೂ ಜೀವಂತದ್ದೇ: ಅಲೆ ಹಿಂದಕ್ಕೆ ಸರಿದ ಒಡನೆ ಒದ್ದೆ ಮರಳಿಗೆ ಕೈ ಹಾಕಿ ಹುದುಗಿಕೊಳ್ಳುವ ಹೆಬ್ಬೆರಳ ಗಾತ್ರದ ಏಡಿಗಳನ್ನು ಹಿಡಿಯುತ್ತಿದ್ದರು. ಬಕೆಟ್ಟಿನಲ್ಲಿ ಕಡಲ ನೀರು ಹಾಕಿ ಸಿಗಡಿಯನ್ನೂ ಇಟ್ಟುಕೊಂಡಿದ್ದರು. ಅವರ ಊರಲ್ಲಿ ಇದಕ್ಕೆಲ್ಲ ಏನನ್ನುತ್ತಾರೋ, ನನ್ನ ಜೊತೆ ಮಾತಾಡುವಾಗ ಮರ್ಯಾದೆಗೆ ಅವರೂ ನನ್ನ ಹಾಗೆ ‘ಎರೆ’ ಅಂತಲೇ ಅನ್ನುತ್ತಿದ್ದರು.

ಅವರು ಏಡಿ ಹುಡುಕುತ್ತಾ ಸ್ವಲ್ಪ ದೂರ ಹೋದರು. ನಾನು ಕ್ಯಾನು ತೆಗೆದು ನೋಡಿದೆ. ಘಾಟಿಯಲ್ಲಿ ಚೆಲ್ಲಿ ನೀರು ಗೇಣುದ್ದ ಉಳಿದಿತ್ತು, ಅದೂ ಬೆಚ್ಚಗಾಗಿತ್ತು. ಪಾಪ, ಇಷ್ಟು ದೂರ ಬಂದಿವೆ, ಹೊಸ ನೀರು ಕುಡಿಯಲಿ ಎಂದು ಎದುರಿಗೆ ಬಂದ ಅಲೆಗೇ ಕ್ಯಾನು ಒಡ್ಡಿ ತುಂಬಿಸಿಬಿಟ್ಟೆ. ನೀರು ಕಂಡರೆ ಮೀನಿಗೆ ಸುಖ, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಅರವತ್ತರ ಹತ್ತಿರ ಬಂದವನಿಗೆ, ಸಮುದ್ರ ಉಪ್ಪು ಎಂದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಅದು ಮೀನಿಗೂ ಗೊತ್ತಾಗುತ್ತದೆ ಎಂದು ಹೊಳೆಯಲಿಲ್ಲ. ಮೊದಲು ಎಲ್ಲವೂ ಹುಚ್ಚು ಹಿಡಿದ ಹಾಗೆ ಸುತ್ತಿದವು. ಅರೆ, ಎಷ್ಟು ಹುರುಪು ಬಂತು ಎಂದು ನಾನು ಖುಷಿಪಟ್ಟೆ. ಆಮೇಲೆ ಒಂದೊಂದಾಗಿ ಪಕ್ಕಕ್ಕೆ ವಾಲಿದವು.

ಎರೆಹುಳವನ್ನಾದರೂ ಗಾಳಕ್ಕೆ ಹಾಕಿ ನೋಡೋಣ ಎಂದು ನೀರಿಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಎಳೆದು ನೋಡಿದರೆ ಅದು ಬಿಳಿಚಿಕೊಂಡು ದಾರದ ಹಾಗೆ ನೇತಾಡುತ್ತಿತ್ತು. ಬೀಗರು ಹಿಂದಿರುಗಿ ಬಂದು ಕ್ಯಾನಿನೊಳಗೆ ನೋಡಿದರು, ನನ್ನ ಮುಖ ನೋಡಿದರು. ಒಂದು ಸಿಗಡಿ ತೆಗೆದು ತಾವೇ ನನ್ನ ಗಾಳಕ್ಕೆ ಸಿಕ್ಕಿಸತೊಡಗಿದರು. ನನಗೆ ಆ ದಯೆಯೇ ಚುಚ್ಚಿತು. ಊರಿನಿಂದ ಕೊಚ್ಚಿಕೊಂಡು ಬಂದದ್ದೆಲ್ಲ ಕ್ಯಾನಿನಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು.

ಇದನ್ನು ಮರೆಸಲಿಕ್ಕಾದರೂ ಬಂದ ಕೆಲಸದ ಮಾತೆತ್ತೋಣ ಎಂದು ಗಂಟಲು ಸರಿಮಾಡಿಕೊಂಡೆ. ಅಲೆಯ ಸದ್ದಿಗೆ ಸ್ವಲ್ಪ ಜೋರಾಗಿಯೇ ಹೇಳಿದೆ.

“ಬೀಗ್ರೆ, ಎರೆಯೋ ವಿಷ್ಯ ಒಂದ್ ಮಾತಾಡ್ಬೇಕಿತ್ತು. ಅದು ನಮ್ಮೂರಿಂದೇ ಆಗ್ಲಿ ಅಂತ ನಮ್ ಆಸೆ. ಮೊದ್ಲಿಂದ ನಡ್ಕೊಂಡ್ ಬಂದಿರೋದು.”

ಬೀಗರು ಸಿಗಡಿಯಿಂದ ಕಣ್ಣೆತ್ತದೆ ತಲೆ ಅಲ್ಲಾಡಿಸಿದರು. “ಎರೆಯಾ? ಅದು ಆಗುವ ಮಾತಲ್ಲ ಮಾರಾಯ್ರೆ. ನಿಮ್ಮ ಕಡೆಯದ್ದು ಇಲ್ಲಿಗೆ ಆಗುವುದಿಲ್ಲ. ಎರೆ ಎಲ್ಲ ಇಲ್ಲಿಯದ್ದೇ ಆಗಬೇಕು.”

ನನಗೆ ಕಿವಿ ಬಿಸಿಯಾಯಿತು. “ನಮ್ಮನೇಲಿ ಎಲ್ಲಾ ಅನುಕೂಲ ಐತೆ. ಕೈ ಪಳಗಿರೋರವ್ರೆ.”

“ಕೈ ಪಳಗಿದರೆ ಎಂತ ಆಯ್ತು? ಆ ಘಾಟಿಯಲ್ಲಿ ಕುಲುಕಿಸಿಕೊಂಡು, ಪಾಪ, ಜೀವಕ್ಕೆ ಹಿಂಸೆ ಅಲ್ವಾ? ಈಗ ನೋಡಿದ್ರಲ್ಲ. ಬೇಡ, ಬೇಡ. ಇಲ್ಲಿ ನಾವು ನೋಡಿಕೊಳ್ತೇವೆ. ನೀವು ಕೈ ಬೀಸಿಕೊಂಡು ಬಂದರೆ ಸಾಕು.”

ಕೈ ಬೀಸಿಕೊಂಡು ಬಂದರೆ ಸಾಕಂತೆ! ಮಗು ನೋಡಲು ನೆಂಟರ ಹಾಗೆ ಬಂದು ಹೋಗಬೇಕೆಂದು ಎದುರಿಗೇ ಹೇಳಿದ ಹಾಗಾಯಿತು. ಮೂವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಎರೆದವಳ ಕೈಗೆ ಇವರು ಬೆಲೆ ಕಟ್ಟಿದ್ದು ಇಷ್ಟು. “ಆಯ್ತು ಬಿಡಿ. ನಿಮ್ದೇ ನಡೀಲಿ” ಎಂದು ಕ್ಯಾನನ್ನು ಮರಳಿಗೆ ಬೋರಲು ಹಾಕಿ, ಅದನ್ನೇ ಎತ್ತಿಕೊಂಡು ಹೊರಟೆ. ಹಿಂದಿನಿಂದ ಅವರು “ಹ್ವಾಯ್, ಎಂತ ಆಯ್ತು? ಮೀನಿಗೆ ಬೇಜಾರಾ?” ಎಂದು ಕೂಗುತ್ತಿದ್ದರು. ನಾನು ತಿರುಗಿ ನೋಡಲಿಲ್ಲ.

ಬೀಗಿತ್ತಿ ನನಗಾಗಿ ಸಾರು ಮಾಡುತ್ತಿದ್ದರು. ಗಿರಣಿಗೆ ಬೀಗ ಹಾಕಿ ಬಂದಿದ್ದೇನೆ, ಹೋಗಲೇಬೇಕು ಎಂದು ಸುಳ್ಳು ಹೇಳಿ ಎರಡು ಇಡ್ಲಿ ನುಂಗಿ ಹೊರಟೆ. ಮಗಳು ಬಸ್ ಸ್ಟಾಪಿನವರೆಗೂ ಬಂದು, “ಏನಾಯ್ತಪ್ಪಾ?” ಎಂದು ಎರಡು ಸಲ ಕೇಳಿದಳು. ಏಳು ತಿಂಗಳ ಬಸುರಿಯ ಮುಂದೆ ಅವಳ ಮಾವನನ್ನು ದೂರಬಾರದು ಎಂಬ ಬುದ್ಧಿ ಮಾತ್ರ ನನ್ನಲ್ಲಿ ಉಳಿದಿತ್ತು. “ಏನಿಲ್ಲ, ಮೀನ್ ಸತ್ತೋದ್ವು” ಅಂದೆ.

ಮನೆಯಲ್ಲಿ ಹೆಂಡತಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು. “ಏನಂದ್ರು?”

“ಆಗಲ್ಲ ಅಂದ್ರು. ಘಾಟಿಯಲ್ಲಿ ಕುಲುಕಿಸಿ ಜೀವಕ್ಕೆ ಹಿಂಸೆಯಂತೆ. ಎರೆಯೋದು ಅಲ್ಲೇ ಅಂತೆ.”

ಅವಳು ಜಗಳ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. “ಅದೂ ಸರಿನೇ, ಘಾಟಿ ಕಷ್ಟ” ಅಂದಳು. ಸಂಜೆ ನೋಡಿದರೆ ಹೊಸ ಹಂಡೆಯನ್ನು ಬಚ್ಚಲ ಮೂಲೆಯಲ್ಲಿ ಕವುಚಿ ಹಾಕಿದ್ದಳು. ಮಗಳಿಗೆ ಫೋನ್ ಮಾಡಿ ಇನ್ನೊಂದು ಸಲ ಕೇಳಲೇ ಎಂದಳು. “ಕೇಳಿ ಸಣ್ಣವಳಾಗ್ಬೇಡ ಕಣೇ” ಎಂದು ನಾನೇ ಅಡ್ಡ ಹಾಕಿದೆ. ಆಮೇಲೆ ಅವಳು ಮಗಳ ಹತ್ತಿರ ಊಟ ಆಯ್ತಾ, ಕಾಲು ಊದಿದೆಯಾ ಎಂಬಷ್ಟನ್ನೇ ಮಾತಾಡುತ್ತಿದ್ದಳು. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಗಾಳ ಮುಟ್ಟಲು ಮನಸ್ಸು ಬರಲಿಲ್ಲ.

ಐದಾರು ದಿನ ಕಳೆದ ಮೇಲೆ ಮಗಳದೇ ಫೋನ್ ಬಂತು, ಹೆಂಡತಿ ಎತ್ತಿದಳು. “ಭಾನುವಾರ ಕಾರ್ ಮಾಡ್ಕೊಂಡು ಎಲ್ಲಾರೂ ಬರ್ತಿದೀವಿ. ಮಾವಂಗೆ ಅಪ್ಪನ ಹತ್ರ ಕ್ಷಮೆ ಕೇಳ್ಬೇಕಂತೆ. ಅವತ್ತಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ.”

ಕೇಳಲಿ ಎಂದುಕೊಂಡೆ. ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ನ್ಯಾಯಾಧೀಶನ ಹಾಗೆ ಕೂತೆ. ಹನ್ನೊಂದು ಗಂಟೆಗೆ ಕಾರು ಬಂತು. ಅಳಿಯ ಇಳಿದ, ಬೀಗಿತ್ತಿ ಇಳಿದರು, ಮಗಳು ಸೊಂಟ ಹಿಡಿದುಕೊಂಡು ನಿಧಾನವಾಗಿ ಇಳಿದಳು. ಬೀಗರು ಮಾತ್ರ ಇಳಿಯುವ ಮೊದಲು ತೊಡೆಯ ಮೇಲಿಂದ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಅಳಿಯನ ಕೈಗೆ ಕೊಟ್ಟರು, ಹುಷಾರು ಹುಷಾರು ಎನ್ನುತ್ತಾ. ಅದಕ್ಕೆ ಬಣ್ಣದ ಮೀನು ಸಾಕುವವರು ಇಡುವಂಥ, ಗುಳ್ಳೆ ಬಿಡುವ ಸಣ್ಣ ಮಿಷನ್ ಸಿಕ್ಕಿಸಿತ್ತು. ಅದು ಬುಳುಬುಳು ಅನ್ನುತ್ತಿತ್ತು.

“ಬೀಗರೆ,” ಎಂದು ಅವರು ಅಂಗಳದಲ್ಲೇ ನಿಂತು ಶುರು ಮಾಡಿದರು, “ಆ ದಿನ ನಿಮ್ಮ ಎರೆಯ ಬಗ್ಗೆ ನಾನು ಹಾಗೆ ಹೇಳಬಾರದಿತ್ತು. ಅಷ್ಟು ದೂರದಿಂದ ಪ್ರೀತಿಯಲ್ಲಿ ತಂದದ್ದು. ಇದು ಹೊಳೆಯ ಸಿಗಡಿ. ಉಪ್ಪು ನೀರು ಹತ್ತದ ಜಾಗಕ್ಕೆ ಹೋಗಿ ಹಿಡಿದೆ. ನಿಮ್ಮ ಕೆರೆಯಲ್ಲಿ ಇದು ಸಾಯುವುದಿಲ್ಲ.”

“ಎರೆ ಬಗ್ಗೆ ಯಾರ್ ಸ್ವಾಮಿ ಬೇಜಾರ್ ಮಾಡ್ಕೊಂಡ್ರು?” ಅಂದೆ ನಾನು. “ನಾ ಹೇಳಿದ್ದು ಎರೆಯೋದ್ರ ಬಗ್ಗೆ.”

“ಅದೇ ಮಾರಾಯ್ರೆ, ನಾನೂ ಎರೆಯದ್ದೇ ಹೇಳುವುದು.”

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಎಂಟು ದಿನ ಅದುಮಿಟ್ಟಿದ್ದು ತಡೆಯಲಾಗಲಿಲ್ಲ. “ನನ್ ಮಗಳಿಗೆ ನಾನು ಎರೀಬಾರ್ದು ಅಂದ್ರಂತಲ್ಲ ಬೀಗ್ರೆ, ನಾವೇನ್ ತಪ್ ಮಾಡಿದ್ವಿ?”

ಬೀಗರು ಅವಳ ಮುಖ ನೋಡಿದರು, ಬಕೆಟ್ಟು ನೋಡಿದರು. “ಮಗಳಿಗೆ ಎರೆಯಾ? ಮಗಳಿಗೆ ಎಂತಕ್ಕೆ ಎರೆ?”

ಮೊದಲು ಅರ್ಥವಾದದ್ದು ಮಗಳಿಗೆ, ಎರಡೂ ಕಡೆಯ ಮಾತು ಗೊತ್ತಿದ್ದವಳು ಅವಳೊಬ್ಬಳೇ. ಜಗಲಿಯ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. “ಮಾವ, ಇವ್ರು ಎರೆಯೋದು ಅಂದ್ರೆ ಮೀಸುವುದು. ಬಾಣಂತಿ ಮೀಸುವುದು, ಮಗು ಮೀಸುವುದು! ಅಪ್ಪಾ, ನೀನು ಕಡಲ ದಂಡೇಲಿ ನಿಂತ್ಕೊಂಡು, ಕೈಯಲ್ಲಿ ಗಾಳ ಹಿಡ್ಕೊಂಡು ಎರೆ ಅಂದ್ರೆ ಅವ್ರು ಇನ್ನೇನ್ ತಿಳ್ಕೋಬೇಕು?”

ಬೀಗಿತ್ತಿ ಹಣೆ ಹಣೆ ಬಡಿದುಕೊಂಡು ನಗತೊಡಗಿದರು. “ಅಯ್ಯೋ ದೇವರೇ, ಮೊದಲ ಬಾಣಂತನ ತವರಲ್ಲಿ ಅಲ್ದೆ ಇನ್ನೆಲ್ಲಿ? ನಾನು ನೋಡುವ ಅಂದದ್ದು ಇವಳಿಗೆ ರಜೆ ಯಾವಾಗ ಸಿಗ್ತದೆ ಅಂತ. ಮೊನ್ನೆ ಸಿಕ್ಕಿತು. ನಿಮಗೆ ಹೇಳದೆ ಕರ್ಕೊಂಡು ಬರುವ ಅಂತ ಇವಳದ್ದೇ ಹಟ.” ಅಳಿಯ ಕಾರಿನ ಡಿಕ್ಕಿ ತೆಗೆದು ಎರಡು ದೊಡ್ಡ ಸೂಟ್‌ಕೇಸ್ ಇಳಿಸುತ್ತಿದ್ದ.

ಎಲ್ಲರೂ ನಕ್ಕರು, ನನ್ನ ಹೆಂಡತಿ ನಗಲಿಲ್ಲ. ಸೂಟ್‌ಕೇಸುಗಳನ್ನು ಒಂದು ಗಳಿಗೆ ನೋಡಿ ಸೀದಾ ಬಚ್ಚಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಕವುಚಿದ್ದ ಹಂಡೆಯನ್ನು ಎತ್ತಿ ನಿಲ್ಲಿಸಿ, ಸೆರಗಿನಲ್ಲಿ ಅದರ ಧೂಳು ಒರೆಸುತ್ತಿದ್ದಳು. ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸುತ್ತಿದ್ದಳು. “ಸಿಟ್ಟು ಮಾಡ್ಕೋಬೇಡಿ ಅಂದಿದ್ನಲ್ರೀ” ಎಂದಳು, ನನ್ನ ಕಡೆ ತಿರುಗದೆ. ಮಾತು ಎರಡರ್ಥದ್ದು, ನಿಜ. ಆದರೆ ಬೀಗರು ಬೇಡ ಎಂದೇ ಹೇಳುತ್ತಾರೆಂದು ನಾನು ಘಾಟಿ ಇಳಿಯುವ ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿದ್ದೆ. ಇಲ್ಲದಿದ್ದರೆ ಇನ್ನೊಂದು ಸಲ ಬಿಡಿಸಿ ಕೇಳುತ್ತಿದ್ದೆ. ಅವಳ ಎಂಟು ದಿನಗಳನ್ನು ಹಾಳು ಮಾಡಿದ್ದು ನಾನೇ.

ಆ ಮಧ್ಯಾಹ್ನ ಬೀಗರನ್ನು ಕೆರೆಗೆ ಕರೆದುಕೊಂಡು ಹೋದೆ. ಅವರ ಹೊಳೆಯ ಸಿಗಡಿ ನಮ್ಮ ಕೆರೆಯ ನೀರಿನಲ್ಲಿ ನೆಟ್ಟಗೆ ಮೀಸೆ ಆಡಿಸುತ್ತಿತ್ತು. ಜೊಂಡಿನ ಬದಿಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಬೆಂಡು ಮುಳುಗಿತು. ಮೊಳದುದ್ದದ ಕೊರವ. ಬೀಗರೇ ಎಳೆದರು. ನನ್ನ ಸಸಲಿಗಿಂತ ಆ ಸಿಗಡಿಯೇ ಮೇಲೆಂದು ಒಪ್ಪಿಕೊಳ್ಳಿ ಎಂದು ಅವರೇನೂ ಕೇಳಲಿಲ್ಲ, ಕೇಳದಿದ್ದರೂ ನಾನೇ ಒಪ್ಪಿಕೊಂಡೆ.

ಮಗಳಿಗೆ ಹಾಸನದಲ್ಲಿ ಸುಸೂತ್ರವಾಗಿ ಹೆರಿಗೆಯಾಯಿತು. ಹೆಣ್ಣು ಮಗು. ಮನೆಗೆ ಕರೆತಂದ ಮೇಲೆ ಬಚ್ಚಲು ನನ್ನ ಹೆಂಡತಿಯ ಕೈಗೆ ಹೋಯಿತು. ಬೆಳಿಗ್ಗೆ ಎದ್ದರೆ ಸೌದೆ ಒಲೆಯ ಹೊಗೆ, ಹರಳೆಣ್ಣೆ, ಸಾಂಬ್ರಾಣಿ. ಅವಳು ಕಾಲು ನೀಡಿ ಕೂತು, ಆ ಇಷ್ಟೇ ಇಷ್ಟುದ್ದದ ಕೂಸನ್ನು ಮಲಗಿಸಿಕೊಂಡು ಮೊದಲ ಚೊಂಬು ಎತ್ತಿದ ದಿನ ನಾನು ಬಾಗಿಲ ಹೊರಗೆ ನಿಂತಿದ್ದೆ. ಊರಿಗೆಲ್ಲ ಎರೆದವಳು ಅವತ್ತು ಹುಯ್ಯುವ ಮೊದಲು ನೀರಿನ ಬಿಸಿಯನ್ನು ಎರಡೆರಡು ಸಲ ಮುಟ್ಟಿ ನೋಡಿದಳು. ಎರಡನೇ ಚೊಂಬಿಗೆ ಮಗು ಸುಮ್ಮನಾಯಿತು. ಮೂರನೆಯದನ್ನು ಅವಳು ಮುಟ್ಟಿ ನೋಡದೆಯೇ ಹುಯ್ದಳು.

ತೊಟ್ಟಿಯಿಂದ ಹಂಡೆಗೆ ನೀರು ಹೊರುವ ಕೆಲಸ ನನಗೆ ಬಂತು. ಬಿಂದಿಗೆ ಭಾರವಾಯಿತು ಎಂದು ಗೊಣಗಿದ್ದಕ್ಕೆ ಅವಳು ಅಟ್ಟದಿಂದ ಅದೇ ಸ್ಟೀಲ್ ಕ್ಯಾನು ಇಳಿಸಿದಳು. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ಮೂರು ದಿನ ಬಿಸಿಲಿಗಿಟ್ಟು, ಮೂಗಿಗೆ ಹಿಡಿದು ನೋಡಿ, “ಇನ್ಮೇಲೆ ಇದು ನಂದು” ಎಂದಳು. ನಾನು ಹೊಡೆದ ನಾಲ್ಕು ತೂತು ಮುಚ್ಚಳದಲ್ಲಿ ಹಾಗೆಯೇ ಇವೆ.

ಹೆಸರಿಡುವ ಶಾಸ್ತ್ರಕ್ಕೆ ಬಂದ ಬೀಗರು ನನಗೂ ಮೊದಲೇ ಎದ್ದು ಅಂಗಳದಲ್ಲಿ ಓಡಾಡುತ್ತಿದ್ದರು. ನಾನು ತೊಟ್ಟಿಯಿಂದ ತುಂಬಿದ ಕ್ಯಾನು ಎತ್ತಿಕೊಂಡು ಬರುವುದನ್ನು ಕಂಡು ಅವರ ಮುಖ ಅರಳಿತು. ಗಾಳ ತರಲೇ ಎಂಬಂತೆ ನೋಡಿದರು.

“ಹ್ವಾಯ್, ಅದು ಎರೆಯ ಕ್ಯಾನಲ್ವಾ?”

ಒಳಗಿನಿಂದ ಮಗು ಅಳುವುದು ಕೇಳಿಸುತ್ತಿತ್ತು. ಹೆಂಡತಿ ನೀರು ಬೇಗ ತನ್ನಿ ಎಂದು ಕೂಗುತ್ತಿದ್ದಳು.

“ಹೂಂ ಬೀಗ್ರೆ,” ಅಂದೆ, “ಎರೆಯೋ ಕ್ಯಾನೇ.”